ಕೂರುವ ಕಾಲ: ರಿಟ್ರೀಟ್ ಅನ್ನೋ ಪದ ಬರುವ ಮೊದಲು ಉಡುಪಿ ಸೀಮೆಯಲ್ಲಿ ಏನಿತ್ತು?

(1/10)

ಮೂರು ಹಗಲು, ಎರಡು ರಾತ್ರಿ. ಬೆಳಿಗ್ಗೆ ಧ್ಯಾನ, ಸಂಜೆ ಕಡಲ ತೀರದಲ್ಲಿ ನಡಿಗೆ, ಫೋನ್ ಕೌಂಟರ್‌ನಲ್ಲಿ ಜಮಾ. ಪ್ರಕೃತಿ ಜೊತೆ ಬೆರೆಯಿರಿ, ಸಮುದಾಯದ ಜೊತೆ ಬೆರೆಯಿರಿ, ಹೊಸ ಮನುಷ್ಯರಾಗಿ ಮನೆಗೆ ಹೋಗಿ. ಇಂಥ ಜಾಹೀರಾತು ನಿಮ್ಮ ಫೀಡ್‌ನಲ್ಲೂ ಬಂದಿರುತ್ತೆ. ಹಿಂದೆ ತೆಂಗಿನ ಮರ, ಮುಂದೆ ಚಾಪೆ, ಮೇಲೆ "ಮೈಂಡ್‌ಫುಲ್‌ನೆಸ್ ರಿಟ್ರೀಟ್" ಅನ್ನೋ ಅಕ್ಷರ.

ಅದನ್ನು ಗೇಲಿ ಮಾಡೋಕೆ ಈ ಸರಣಿ ಬರೀತಿಲ್ಲ. ಸುಸ್ತಾದವರು ಎರಡು ದಿನ ಸುಮ್ಮನೆ ಕೂರಬೇಕು ಅಂದ್ರೆ ಅದರಲ್ಲಿ ತಪ್ಪೇನಿದೆ? ಆದರೆ ಉಡುಪಿ, ಕಾರ್ಕಳ, ಕಾಪು ಕಡೆಯ ನೆಲಕ್ಕೆ "ಕೂರುವುದು" ಹೊಸ ವಿಷಯ ಅಲ್ಲವೇ ಅಲ್ಲ. ಇಲ್ಲಿ ಸನ್ಯಾಸಿಗಳು ಕೂತಿದ್ದಾರೆ, ಮದುಮಗಳು ಕೂತಿದ್ದಾಳೆ, ದೈವದ ಗೆಜ್ಜೆ ಕೂತಿದೆ, ಕಡಲಿನ ದೋಣಿ ಕೂಡ ಕೂತಿದೆ. ಎಲ್ಲದಕ್ಕೂ ತಿಥಿ ಇತ್ತು, ಜಾಗ ಇತ್ತು, ಕಟ್ಟುಪಾಡು ಇತ್ತು.

ಈ ಹತ್ತು ಪೋಸ್ಟ್‌ಗಳಲ್ಲಿ ನಾನು ಕೇಳ್ತಾ ಹೋಗೋದು ಒಂದೇ ಪ್ರಶ್ನೆ: ಕೂತವರಿಗೆ ಅನ್ನ ಹಾಕಿದವರು ಯಾರು, ಎದ್ದ ಮೇಲೆ ಅವರು ಯಾರಿಗೆ ಉತ್ತರ ಕೊಡಬೇಕಿತ್ತು?

ಈ ಪ್ರಶ್ನೆ ಹಿಡಿದುಕೊಂಡು ನೋಡಿದ್ರೆ ನಮ್ಮ ಊರಿನ ಇತಿಹಾಸ ಸ್ವಲ್ಪ ಬೇರೆ ಥರ ಕಾಣುತ್ತೆ. ಬನ್ನಿ.

(2/10) ಮೊದಲು ಮಳೆ

ಎಲ್ಲ ಶುರುವಾಗೋದು ಮಳೆಯಿಂದ. ಉಡುಪಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತೆ. ರಸ್ತೆ, ಸೇತುವೆ ಇಲ್ಲದ ಕಾಲದಲ್ಲಿ ಸೀತಾ, ಸ್ವರ್ಣಾ, ಶಾಂಭವಿ ಹೊಳೆಗಳು ತುಂಬಿ ಹರಿದರೆ ಈ ಊರಿಂದ ಆ ಊರಿಗೆ ಹೋಗೋ ಮಾತೇ ಇರಲಿಲ್ಲ.

ಇಡೀ ಭಾರತದಲ್ಲಿ ಅಲೆಮಾರಿ ಸನ್ಯಾಸಿಗಳು ವರ್ಷಕ್ಕೊಮ್ಮೆ ಒಂದೆಡೆ ನಿಲ್ಲುವ ಪದ್ಧತಿ ಹುಟ್ಟಿದ್ದೂ ಮಳೆಗಾಲದಲ್ಲೇ. ಬೌದ್ಧರು ಇದನ್ನು ವರ್ಷಾವಾಸ ಅಂದ್ರು, ಜೈನರು ಮತ್ತು ವೈದಿಕ ಯತಿಗಳು ಚಾತುರ್ಮಾಸ ಅಂದ್ರು. ಬೌದ್ಧರ ವಿನಯಪಿಟಕದಲ್ಲಿ ಇದರ ಹಿನ್ನೆಲೆ ಕಥೆ ಇದೆ. ಮಳೆಯಲ್ಲೂ ತಿರುಗಾಡ್ತಾ ಹಸಿರು ಹುಲ್ಲು, ಸಣ್ಣ ಸಣ್ಣ ಜೀವಗಳನ್ನು ತುಳೀತಾರಲ್ಲ ಅಂತ ಜನ ಬುದ್ಧನ ಶಿಷ್ಯರ ಮೇಲೆ ದೂರಿದರಂತೆ. ಹಕ್ಕಿಗಳೂ ಮಳೆಗಾಲಕ್ಕೆ ಗೂಡು ಕಟ್ಟಿ ಒಂದು ಕಡೆ ಇರ್ತಾವೆ, ಇವರಿಗೇನು ಅಂತ ಕೇಳಿದರಂತೆ. ಆಮೇಲೆ ಬಂತು ನಿಯಮ.

ಗಮನಿಸಿ: ನಿಲ್ಲಿ ಅಂತ ಹೇಳಿದ್ದು ಊರಿನ ಜನ. ಸನ್ಯಾಸಿಗೆ ತನ್ನ ಶಾಂತಿಯ ಚಿಂತೆ ಇತ್ತೋ ಇಲ್ಲವೋ, ರೈತನಿಗೆ ತನ್ನ ಸಸಿಯ ಚಿಂತೆ ಇತ್ತು.

ಇನ್ನೊಂದು ಸಂಗತಿ. ವರ್ಷಾವಾಸ ಮುಗಿದ ದಿನ ಬೌದ್ಧ ಭಿಕ್ಷುಗಳು ಪವಾರಣ ಅನ್ನೋ ಆಚರಣೆ ಮಾಡ್ತಾರೆ. ಪ್ರತಿಯೊಬ್ಬರೂ ಎದ್ದು, ನನ್ನಲ್ಲಿ ನೀವು ಕಂಡ, ಕೇಳಿದ ಅಥವಾ ಅನುಮಾನಿಸಿದ ತಪ್ಪು ಏನಿದ್ರೂ ಹೇಳಿ ಅಂತ ಉಳಿದವರನ್ನು ಕೇಳಬೇಕು. ಮೂರು ತಿಂಗಳು ಜೊತೆಗೆ ಕೂತ ಮೇಲೆ ಕಟ್ಟಕಡೆಗೆ ಮಾಡೋ ಕೆಲಸ ಅದು. ನಮ್ಮ ಜೈನರಲ್ಲಿ ಚಾತುರ್ಮಾಸದ ನಡುವೆಯೇ, ಭಾದ್ರಪದದ ದಶಲಕ್ಷಣ ಪರ್ವ ಮುಗಿದಾಗ, ಎಲ್ಲರೂ ಎಲ್ಲರ ಕ್ಷಮೆ ಕೇಳುವ ಕ್ಷಮಾವಣಿ ಬರುತ್ತೆ.

ಇಷ್ಟು ತಲೆಯಲ್ಲಿ ಇಟ್ಕೊಂಡು ಈಗ ಕಾರ್ಕಳಕ್ಕೆ ಹೋಗೋಣ.

(3/10) ಕಾರ್ಕಳ: ಒಂದು ವರ್ಷ ನಿಂತವನು

ಫೋಟೋದಲ್ಲಿ ಇರೋದು ನಿಮಗೆಲ್ಲ ಗೊತ್ತಿರೋ ಬಾಹುಬಲಿ. 42 ಅಡಿ ಎತ್ತರದ ಏಕಶಿಲೆ. ಭೈರರಸ ಮನೆತನದ ವೀರಪಾಂಡ್ಯ, ಗುರು ಲಲಿತಕೀರ್ತಿಯ ಉಪದೇಶದಂತೆ ಇದನ್ನು ನಿಲ್ಲಿಸಿದ್ದು 1432ರ ಫೆಬ್ರವರಿ 13ರಂದು. ಎದುರಿಗೆ ಕಾಣೋ ಚತುರ್ಮುಖ ಬಸದಿ 1586ರದ್ದು, ಇಮ್ಮಡಿ ಭೈರವ ಕಟ್ಟಿಸಿದ್ದು, 108 ಕಂಬ.

ಕಾಲು ಮತ್ತು ತೋಳುಗಳನ್ನು ನೋಡಿ. ಬಳ್ಳಿ ಹಬ್ಬಿದೆ. ಅಣ್ಣ ಭರತನನ್ನು ಸೋಲಿಸಿ, ಗೆದ್ದ ರಾಜ್ಯವನ್ನು ಬಿಟ್ಟು, ಒಂದು ವರ್ಷ ಅಲ್ಲಾಡದೆ ನಿಂತ ಅನ್ನೋದು ಕಥೆ. ಇದಕ್ಕಿಂತ ದೊಡ್ಡ ರಿಟ್ರೀಟ್ ಉಂಟಾ ಹೇಳಿ ಮಾರಾಯ್ರೆ! ಊಟ ಇಲ್ಲ, ಮಾತಿಲ್ಲ, ಪ್ರಕೃತಿ ಮೈಮೇಲೇ ಹತ್ತಿದೆ.

ಆದರೂ ಕೇವಲಜ್ಞಾನ ಬರಲಿಲ್ಲ. ಯಾಕೆ? ದಿಗಂಬರ ಪರಂಪರೆಯ ಪ್ರಕಾರ ಅವನ ಮನಸ್ಸಲ್ಲಿ ಒಂದು ಮುಳ್ಳು ಉಳಿದಿತ್ತು. ಅಣ್ಣನನ್ನು ನೋಯಿಸಿದೆ ಅನ್ನೋ ಕೊರಗು ಅಂತ ಕೆಲವರು ಹೇಳ್ತಾರೆ, ನಿಂತ ನೆಲವೂ ಅಣ್ಣನದೇ ಅನ್ನೋ ಕುಟುಕು ಅಂತ ಇನ್ನು ಕೆಲವರು. ಕೊನೆಗೆ ಭರತನೇ ಬಂದು ಕೈಮುಗಿದಾಗ ಆ ಮುಳ್ಳು ಹೋಯಿತು, ಜ್ಞಾನ ಬಂತು. ಶ್ವೇತಾಂಬರರ ಕಥೆಯಲ್ಲಿ ಬರೋದು ತಂಗಿಯರಾದ ಬ್ರಾಹ್ಮಿ, ಸುಂದರಿ. ಆನೆಯಿಂದ ಇಳಿ ಅಂತ ಹೇಳ್ತಾರೆ. ಆನೆ ಅಂದ್ರೆ ಅಹಂಕಾರ.

ಯಾವ ಕಥೆ ತಗೊಂಡ್ರೂ ವಿಷಯ ಒಂದೇ. ಒಂದು ವರ್ಷದ ಏಕಾಂತ ಮಾಡದ ಕೆಲಸವನ್ನು ನಡೆದು ಬಂದ ಒಬ್ಬ ಅಣ್ಣ ಮಾಡಿದ. ಮುರಿದ ಸಂಬಂಧ ಕಾಡಿಗೂ ಹಿಂಬಾಲಿಸಿ ಬಂದಿತ್ತು, ಅದು ಸರಿಯಾಗೋಕೆ ಸಂಬಂಧಿಯೇ ಬರಬೇಕಾಯ್ತು.

ಕಾರ್ಕಳದ ಪಕ್ಕದ ಮೂಡುಬಿದಿರೆಯವನಾದ ರತ್ನಾಕರವರ್ಣಿ 16ನೇ ಶತಮಾನದಲ್ಲಿ ಈ ಕಥೆಯನ್ನೇ ತಿರುಗಿಸಿ ಬರೆದ. ಅವನ ಭರತೇಶ ವೈಭವದಲ್ಲಿ ನಾಯಕ ಬಾಹುಬಲಿ ಅಲ್ಲ, ಭರತ. ಅರಮನೆ, ಮಡದಿಯರು, ಮಕ್ಕಳು, ರಾಜ್ಯ ಎಲ್ಲದರ ನಡುವೆ ಕೂತೇ ಯೋಗಿಯಾಗಿರುವ ಭರತ. ಮನೆ ಬಿಟ್ಟು ಹೋಗದೆಯೂ ಒಳಗೆ ಕೂರಬಹುದು ಅಂತ 400 ವರ್ಷಕ್ಕೂ ಹಿಂದೆ ನಮ್ಮ ಸೀಮೆಯ ಕವಿಯೊಬ್ಬ ಸಾಂಗತ್ಯದಲ್ಲಿ ಹಾಡಿಟ್ಟಿದ್ದಾನೆ.

(4/10) ವರಂಗ: ಕೆರೆ ಮಧ್ಯದ ಮೌನ

ಕಾರ್ಕಳದಿಂದ ಹೆಬ್ರಿ ದಾರಿಯಲ್ಲಿ ಸಿಗುವ ವರಂಗದ ಕೆರೆ ಬಸದಿ ಇದು. ಸುತ್ತ ನೀರು, ಹಿಂದೆ ಪಶ್ಚಿಮ ಘಟ್ಟ, ಹೋಗೋಕೆ ಒಂದು ಚಿಕ್ಕ ದೋಣಿ. ನಾಲ್ಕು ದಿಕ್ಕಿಗೂ ಮುಖ ಮಾಡಿದ ಬಸದಿ. ಇನ್‌ಸ್ಟಾಗ್ರಾಂನಲ್ಲಿ ಈ ಜಾಗದ ರೀಲ್ ನೋಡದವರು ಕಡಿಮೆ. "ಇಲ್ಲಿ ಕೂತ್ರೆ ಸಾಕು, ಧ್ಯಾನ ತಾನಾಗೇ ಬರುತ್ತೆ" ಅಂತ ಕಾಮೆಂಟ್ ಹಾಕೋದೂ ಸಹಜ.

ಸರಿ. ಆದರೆ ಈ ಮೌನವನ್ನು ಇಷ್ಟು ಶತಮಾನ ಕಾಪಾಡಿದ್ದು ಯಾವುದು?

ಉತ್ತರ ದಡದಲ್ಲಿದೆ. ದೋಣಿ ಹತ್ತುವ ಮೊದಲು ಅಲ್ಲೇ ಇರುವ ನೇಮಿನಾಥ ಬಸದಿಗೆ ಹೋಗಿ. ವಿಜಯನಗರದ ಇಮ್ಮಡಿ ದೇವರಾಯ 1424ರಲ್ಲಿ ವರಂಗ ಗ್ರಾಮವನ್ನೇ ಆ ಬಸದಿಗೆ ದತ್ತಿ ಬಿಟ್ಟ. ಗ್ರಾಮ ದತ್ತಿ ಬಿಡೋದು ಅಂದ್ರೆ ಏನು? ಆ ಊರಿನ ಗದ್ದೆಯಲ್ಲಿ ಬೆಳೆದ ಭತ್ತದ ಒಂದು ಪಾಲು ದೇವರ ದೀಪಕ್ಕೆ, ನೈವೇದ್ಯಕ್ಕೆ, ಅಲ್ಲಿ ಬಂದು ತಂಗುವ ಮುನಿಗಳ ಆಹಾರಕ್ಕೆ ಹೋಗುತ್ತೆ ಅಂತ ಅರ್ಥ. ಬಸದಿಯೊಳಗೆ ಮುನಿ ಸುಮ್ಮನೆ ಕೂರಬೇಕಾದರೆ ಹೊರಗೆ ಯಾರೋ ಕೆಸರಲ್ಲಿ ಬಾಗಿ ನೇಜಿ ನೆಡಬೇಕು.

ದಿಗಂಬರ ಮುನಿಯ ಹತ್ತಿರ ಇರೋದು ನವಿಲುಗರಿಯ ಪಿಂಛಿ, ಒಂದು ಕಮಂಡಲು. ಪಾತ್ರೆ ಕೂಡ ಇಲ್ಲ. ದಿನಕ್ಕೆ ಒಂದೇ ಸಲ, ನಿಂತುಕೊಂಡೇ, ಅಂಗೈಯಲ್ಲಿ ಹಾಕಿದ್ದನ್ನು ತಿನ್ನಬೇಕು. ಅಂದ್ರೆ ಲೋಕ ಬಿಟ್ಟವನು ದಿನವೂ ಲೋಕದ ಮುಂದೆ ಕೈ ಒಡ್ಡಿ ನಿಲ್ಲಬೇಕು. ನಾನು ಯಾರ ಹಂಗಲ್ಲೂ ಇಲ್ಲ ಅಂತ ಅಂದುಕೊಳ್ಳೋಕೆ ಒಂದು ದಿನವೂ ಅವಕಾಶ ಕೊಡದ ನಿಯಮ ಇದು.

ಕೆರೆ ಬಸದಿಯ ಪದ್ಮಾವತಿ ಅಮ್ಮನಿಗೆ ಹರಕೆ ಹೇಳಿಕೊಂಡು ಬರೋರಲ್ಲಿ ಜೈನರಲ್ಲದವರೂ ಇದ್ದಾರೆ. ಅವರು ಧ್ಯಾನಕ್ಕೆ ಬರೋದಿಲ್ಲ. ಮಗಳ ಮದುವೆ, ಮಗನ ಕೆಲಸ, ಮನೆಯವರ ಕಾಯಿಲೆ ಅಂತ ಬರ್ತಾರೆ. ಈ ದೋಣಿಯಲ್ಲಿ ಇಷ್ಟು ಕಾಲವೂ ಮನೆಯ ಚಿಂತೆ ಜೊತೆಗೇ ಪ್ರಯಾಣ ಮಾಡಿದೆ.

(5/10) ಉಡುಪಿ: ಚಾತುರ್ಮಾಸದ ಅಡುಗೆಮನೆ

ಚಾತುರ್ಮಾಸ ಅಂದ್ರೆ ಉಡುಪಿಯಲ್ಲಿ ಮೊದಲು ಗೊತ್ತಾಗೋದು ಸಾರಿನ ರುಚಿಯಲ್ಲಿ. ನಾಲ್ಕು ತಿಂಗಳು, ನಾಲ್ಕು ವ್ರತ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೇ ತಿಂಗಳು ದಧಿವ್ರತ, ಮೊಸರಿಲ್ಲ. ಮೂರನೇ ತಿಂಗಳು ಕ್ಷೀರವ್ರತ, ಹಾಲಿಲ್ಲ. ನಾಲ್ಕನೇ ತಿಂಗಳು ದ್ವಿದಳವ್ರತ, ಬೇಳೆಕಾಳಿಲ್ಲ. ಯತಿಗಳು ಮಾತ್ರ ಅಲ್ಲ, ಮಾಧ್ವ ಮನೆಗಳಲ್ಲಿ ಗೃಹಸ್ಥರೂ ಇದನ್ನು ಹಿಡಿಯುತ್ತಾರೆ. ಸ್ವಾಮಿಗಳು ಮಠದಲ್ಲಿ ಕೂತರೆ, ಆ ಕೂರುವಿಕೆ ಮನೆ ಮನೆಯ ಅಡುಗೆಮನೆಗೂ ಹರಡುತ್ತೆ.

ಯತಿಗಳಿಗೆ ಇನ್ನೂ ಕಟ್ಟುನಿಟ್ಟು. ಸಂಕಲ್ಪದ ದಿನವೇ ಬೇಕಾದ ಮೃತ್ತಿಕೆ, ಅಂದ್ರೆ ಶುದ್ಧಿಗೆ ಬಳಸುವ ಮಣ್ಣು, ಸಂಗ್ರಹಿಸಿ ಇಟ್ಟುಕೊಳ್ಳಬೇಕು. ಮುಗಿದ ದಿನ ಮೃತ್ತಿಕಾ ವಿಸರ್ಜನೆ, ಆಮೇಲೆ ಸೀಮೋಲ್ಲಂಘನ. ಅಲ್ಲಿಯವರೆಗೆ ಊರಿನ ಗಡಿ ದಾಟುವ ಹಾಗಿಲ್ಲ.

ಈಗ ಒಂದು ಒಳ್ಳೆ ಕಥೆ. ಮಧ್ವಾಚಾರ್ಯರು ಹುಟ್ಟಿದ ಪಾಜಕ ಇರೋದು ಉಡುಪಿಗೂ ಕಾಪುವಿಗೂ ನಡುವಿನ ಸೀಮೆಯಲ್ಲಿ. ಅವರು ಒಂದು ಚಾತುರ್ಮಾಸ ಕೂತದ್ದು ಮಂಜೇಶ್ವರದ ಹತ್ತಿರದ ಕಣ್ವತೀರ್ಥದಲ್ಲಿ, ಇವತ್ತಿನ ಕಾಸರಗೋಡು ಜಿಲ್ಲೆಯಲ್ಲಿ. ಎಂಟು ಶಿಷ್ಯರನ್ನು ಎರಡೆರಡಾಗಿ ಜೋಡಿ ಮಾಡಿದ್ದು ಅಲ್ಲೇ ಅನ್ನೋದು ಪರಂಪರೆಯ ನಂಬಿಕೆ. ಪಲಿಮಾರು ಜೊತೆ ಅದಮಾರು, ಕೃಷ್ಣಾಪುರ ಜೊತೆ ಪುತ್ತಿಗೆ, ಶಿರೂರು ಜೊತೆ ಸೋದೆ, ಕಾಣಿಯೂರು ಜೊತೆ ಪೇಜಾವರ. ಒಂದು ಮಠದಲ್ಲಿ ತೊಂದರೆಯಾದರೆ ಇನ್ನೊಂದು ನೋಡಿಕೊಳ್ಳಬೇಕು. ಅದಕ್ಕೆ ದ್ವಂದ್ವ ಮಠ ಅಂತ ಹೆಸರು.

ಮಳೆಯಲ್ಲಿ ಕೂತಾಗ ಹುಟ್ಟಿದ್ದು ಏಕಾಂತದ ಪಾಠ ಅಲ್ಲ ನೋಡಿ, ಒಬ್ಬರಿಗೊಬ್ಬರು ಆಗುವ ಏರ್ಪಾಡು.

(6/10) ಎರಡು ವರ್ಷ ದುಡಿ, ಹದಿನಾಲ್ಕು ವರ್ಷ ಕಾಯಿ

ಫೋಟೋದಲ್ಲಿರೋ ರಥ ಮರದ ಕೆತ್ತನೆ ಅಂತ ಅಂದುಕೊಂಡ್ರಾ? ಅದು ಸೌದೆ. ಮಧ್ವಸರೋವರದ ಪಕ್ಕ ರಥದ ಆಕಾರದಲ್ಲಿ ಒಟ್ಟಿರುವ ಕಟ್ಟಿಗೆ.

ಕೃಷ್ಣನ ಪೂಜೆ ಮೊದಲು ಎಂಟು ಮಠಗಳ ನಡುವೆ ಎರಡೆರಡು ತಿಂಗಳಿಗೆ ತಿರುಗುತ್ತಿತ್ತು. ಅದನ್ನು ಎರಡೆರಡು ವರ್ಷಕ್ಕೆ ಬದಲಾಯಿಸಿದ್ದು ಸೋದೆಯ ವಾದಿರಾಜರು, 16ನೇ ಶತಮಾನದಲ್ಲಿ. ಹಾಗಾಗಿ ಒಂದು ಮಠದ ಸರದಿ 16 ವರ್ಷಕ್ಕೊಮ್ಮೆ. ಪರ್ಯಾಯ ಶುರುವಾಗೋದು ಸಮಸಂಖ್ಯೆಯ ವರ್ಷದ ಜನವರಿ 18ಕ್ಕೆ. 2024ರಲ್ಲಿ ಪುತ್ತಿಗೆ ಮಠದ್ದು ಬಂತು.

ತಯಾರಿ ಶುರುವಾಗೋದು ಹೇಗೆ ಗೊತ್ತಾ? ಮೊದಲು ಬಾಳೆ ಮುಹೂರ್ತ, ಬಾಳೆ ಗಿಡ ನೆಡೋದು. ಆಮೇಲೆ ಅಕ್ಕಿ ಮುಹೂರ್ತ. ಆಮೇಲೆ ಕಟ್ಟಿಗೆ ಮುಹೂರ್ತ. ಕೊನೆಗೆ ಭತ್ತ ಮುಹೂರ್ತ. ಎಲೆ, ಅಕ್ಕಿ, ಸೌದೆ, ಭತ್ತ. ಪೀಠ ಏರುವ ಯತಿಗೆ ಮೊದಲ ಜವಾಬ್ದಾರಿ ಬಂದವರಿಗೆ ಊಟ ಹಾಕೋದು. ಸರದಿ ಮುಗಿದ ಮೇಲೆ ಮತ್ತೆ ತಮ್ಮ ಮಠ, ಪಾಠ, ಪ್ರವಾಸ. ಸೇವೆ ಮತ್ತು ವಿರಾಮ ಎರಡನ್ನೂ ಒಂದೇ ಕ್ಯಾಲೆಂಡರ್‌ನಲ್ಲಿ ಹೊಲಿದ ವ್ಯವಸ್ಥೆ ಇದು.

ಹಾಗಂತ ಇದನ್ನು ಹೊಗಳಿ ಮುಗಿಸೋ ಹಾಗಿಲ್ಲ. ಊಟ ಎಲ್ಲರಿಗೂ ಇತ್ತು, ಆದರೆ ಸಾಲು ಒಂದೇ ಇರಲಿಲ್ಲ. ಪಂಕ್ತಿಭೇದದ ವಿರುದ್ಧ ಉಡುಪಿಯಲ್ಲಿ ಪ್ರತಿಭಟನೆಗಳು ಆಗಿದ್ದು ಮೊನ್ನೆ ಮೊನ್ನೆಯ ಇತಿಹಾಸ. ಕನಕದಾಸರು ಹೊರಗೆ ನಿಂತರು ಅಂತ ಹೇಳುವ ಕಿಂಡಿ ಮುಂದೆ ಇವತ್ತು ಎಲ್ಲರೂ ಫೋಟೋ ತೆಗೀತಾರೆ. ಕಿಂಡಿಯ ಕಥೆ ಚಂದ. ಆದರೆ ಅವರು ಹೊರಗೆ ಯಾಕೆ ನಿಂತಿದ್ರು ಅನ್ನೋ ಪ್ರಶ್ನೆಯೂ ಆ ಕಥೆಯ ಒಳಗೇ ಇದೆ.

"ಸಮುದಾಯದ ಜೊತೆ ಬೆರೆಯಿರಿ" ಅಂತ ಜಾಹೀರಾತಿನಲ್ಲಿ ಓದುವಾಗ ಇದು ನೆನಪಿರಲಿ. ಸಮುದಾಯ ಅನ್ನೋ ಪದಕ್ಕೆ ನಮ್ಮ ಊರಲ್ಲಿ ಗೋಡೆಗಳೂ ಇದ್ದವು.

(7/10) ಆಟಿ: ಹಸಿವಿನ ತಿಂಗಳು

ಮಠ, ಬಸದಿ ಬಿಟ್ಟು ಈಗ ಮನೆಗೆ ಬನ್ನಿ. ತುಳುವರ ಆಟಿ ತಿಂಗಳು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ.

ಇವತ್ತು "ಆಟಿಡೊಂಜಿ ದಿನ" ಅಂತ ಸಂಘ ಸಂಸ್ಥೆಗಳಲ್ಲಿ ಹಬ್ಬ ಮಾಡ್ತಾರೆ. ಪತ್ರೊಡೆ, ತಜಂಕ್ ಪಲ್ಯ, ಕಣಿಲೆ ಗಸಿ, ಹಲಸಿನ ಬೀಜದ ಸಾಂತಾಣಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಇಪ್ಪತ್ತು ಮೂವತ್ತು ಬಗೆಯ ಸಾಲು ಸಾಲು ಬುಫೆ. ರಿಟ್ರೀಟ್‌ಗಳಲ್ಲಿ ಇದನ್ನೇ "ಕಾಡಿನ ಆಹಾರ" ಅಂತ ಬಡಿಸ್ತಾರೆ.

ಅಜ್ಜಿಯರನ್ನು ಕೇಳಿ ನೋಡಿ. ಇದು ಬಡತನದ ಊಟ. ಹಳೆ ಫಸಲಿನ ಅಕ್ಕಿ ಆಟಿಗೆ ಬರುವಷ್ಟರಲ್ಲಿ ತಳ ಕಂಡಿರುತ್ತಿತ್ತು. ಏಣೆಲು ಪೈರು ಗದ್ದೆಯಲ್ಲಿ ಇನ್ನೂ ಹಸಿರು. ಗೇಣಿ ಒಕ್ಕಲುಗಳ ಮನೆಯಲ್ಲಂತೂ ಬೆಳೆದದ್ದರಲ್ಲಿ ದೊಡ್ಡ ಪಾಲು ಧಣಿಗೆ ಅಳೆದುಕೊಟ್ಟು ಆಗಿರುತ್ತಿತ್ತು. ಮಳೆಯಲ್ಲಿ ಕೂಲಿ ಇಲ್ಲ, ಮೀನಿಲ್ಲ. ಬೇಲಿ ಬದಿಯ ತಜಂಕ್, ಕೆಸುವಿನ ಎಲೆ, ಬಿದಿರ ಮೊಳಕೆ ತಿಂದು ದಿನ ದೂಡಿದ್ದು ಪ್ರಕೃತಿ ಪ್ರೀತಿಗಾಗಿ ಅಲ್ಲ, ಹೊಟ್ಟೆಗಾಗಿ. 1974ರ ಭೂಸುಧಾರಣೆ ತಿದ್ದುಪಡಿ ಬಂದು ಉಳುವವನಿಗೇ ಹೊಲ ಆದ ಮೇಲೆ ಎಷ್ಟೋ ಮನೆಗಳ ಆಟಿ ಬದಲಾಯ್ತು.

ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯವೂ ಹಾಗೇ. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಲ್ಲಿ ಜಜ್ಜಿ ತೊಗಟೆ ತರಬೇಕು. ರಸಕ್ಕೆ ಓಮ, ಕಾಳುಮೆಣಸು, ಕಾಯಿಸಿದ ಬೆಣಚು ಕಲ್ಲು. ಕುಡಿದ ಮೇಲೆ ಮೆಂತೆ ಗಂಜಿ. ಕಹಿ ಅಂದ್ರೆ ಕಹಿ. ಮುಖ್ಯ ವಿಷಯ: ತೊಗಟೆ ತರೋದು ಮರ ಗುರುತಿಸಬಲ್ಲವರ ಕೆಲಸ. ಕತ್ತಲಲ್ಲಿ ಹಾಲೆ ಅಂತ ಕಾಸರಕದ ತೊಗಟೆ ತಂದರೆ ಅದು ಬರೀ ವಿಷ. ಅದಕ್ಕೇ ಹಲವರು ಹಿಂದಿನ ದಿನವೇ ಮರ ನೋಡಿ ಗುರುತು ಮಾಡಿ ಬರ್ತಿದ್ರು. ಪ್ರಕೃತಿ ಜೊತೆ ಸಂಬಂಧ ಅಂದ್ರೆ ಇಷ್ಟು ನಿಖರವಾದ ವಿಷಯ. ಯಾವ ಮರ ಅಂತ ಗೊತ್ತಿರಬೇಕು, ಇಲ್ಲದಿದ್ರೆ ಗೊತ್ತಿರುವವರನ್ನು ಕೇಳಬೇಕು. ರೀಲ್ ನೋಡಿ ಹೋಗಬೇಡಿ.

(8/10) ಆಟಿ ಕೂತವಳು, ಆಟಿ ನಡೆದವನು

ಈ ತಿಂಗಳಲ್ಲಿ ಇಬ್ಬರನ್ನು ನೋಡಿ.

ಒಬ್ಬಳು ಹೊಸದಾಗಿ ಮದುವೆಯಾದ ಹೆಣ್ಣು. ಆಟಿಗೆ ಅವಳು ತವರಿಗೆ ಹೋಗ್ತಾಳೆ. ಇದಕ್ಕೆ ತುಳುವಿನಲ್ಲಿ ಹೇಳೋದೇ "ಆಟಿ ಕುಲ್ಲುನು", ಅಂದ್ರೆ ಆಟಿ ಕೂರೋದು. ನಾನು ಈ ಸರಣಿಯ ಹೆಸರು ಎತ್ತಿಕೊಂಡದ್ದು ಇಲ್ಲಿಂದಲೇ. ಗಂಡನ ಮನೆಯ ನೇಜಿ, ಹಟ್ಟಿ, ಒಲೆ ಎಲ್ಲದರಿಂದ ಬಿಡುವು. ಅಮ್ಮನ ಕೈ ಊಟ, ತಲೆಗೆ ಎಣ್ಣೆ, ಅಕ್ಕತಂಗಿಯರ ಜೊತೆ ಚೆನ್ನೆಮಣೆ. ಅವಳ ಸುಸ್ತನ್ನು ಒಂದು ಇಡೀ ಸಮಾಜ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟಿತ್ತು. ರಜೆ ಕೇಳುವ ಕಷ್ಟವೂ ಅವಳಿಗಿರಲಿಲ್ಲ, ಸಂಪ್ರದಾಯವೇ ಕೇಳ್ತಿತ್ತು. ಅವಳು ಬಿಟ್ಟು ಬಂದ ಕೆಲಸ ಮಾಡಿದ್ದು ಇನ್ನೊಬ್ಬ ಹೆಣ್ಣು, ಅತ್ತೆಯೋ ನಾದಿನಿಯೋ, ಅದೂ ನಿಜ.

ಇನ್ನೊಬ್ಬ ಆಟಿ ಕಳೆಂಜ. ನಲಿಕೆ ಸಮುದಾಯದವರು ಕಟ್ಟುವ ವೇಷ. ತೆಂಗಿನ ಸಿರಿ, ಮುಖಕ್ಕೆ ಬಣ್ಣ, ಕೈಯಲ್ಲಿ ಓಲೆ ಕೊಡೆ. ಎಲ್ಲರೂ ಒಳಗೆ ಕೂತಿರುವಾಗ ಮಳೆಯಲ್ಲಿ ಮನೆ ಮನೆಗೆ ನಡೆದು ಬಂದು, ಅಂಗಳದಲ್ಲಿ ಕುಣಿದು, ಆ ಮನೆಯ ಮಾರಿ, ರೋಗ, ಕೇಡು ಎಲ್ಲ ಕಳೆದು ಹೋಗ್ತಾನೆ. ಮನೆಯವರು ಅಕ್ಕಿ, ಉಪ್ಪು, ಅರಿಶಿನ, ಮಸಿ, ಮೆಣಸು ಕೊಡ್ತಾರೆ.

ಪತ್ತನಾಜೆಗೆ, ಅಂದ್ರೆ ಮೇ ಕೊನೆಗೆ, ದೈವಗಳ ನೇಮ ನಿಲ್ಲುತ್ತೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಶುರುವಾಗೋದು ದೀಪಾವಳಿ ಹೊತ್ತಿಗೆ. ಅಂದ್ರೆ ವೇಷ ಕಟ್ಟಿ ಬದುಕೋರಿಗೆ ಮಳೆಗಾಲ ಸಂಪಾದನೆ ಇಲ್ಲದ ಕಾಲ. ಕಳೆಂಜನ ಕೈಗೆ ಬಿದ್ದ ಆ ಅಕ್ಕಿ ಒಂದು ಮನೆಯ ಒಲೆ ಉರಿಸ್ತಿತ್ತು. ಊರಿನ ಕೇಡನ್ನು ಹೊತ್ತುಕೊಂಡು ಹೋಗುವ ಕೆಲಸ ಊರಿನ ಅಂಚಿನಲ್ಲಿ ಇಟ್ಟವರ ಪಾಲಿಗೇ ಯಾಕೆ ಬಂತು ಅಂತಲೂ ಯೋಚಿಸಿ.

ಕೂತವರ ಶಾಂತಿಯ ಹಿಂದೆ ನಡೆದವರು ಯಾವಾಗಲೂ ಇದ್ದಾರೆ. ಇವತ್ತಿನ ರೆಸಾರ್ಟ್‌ನಲ್ಲೂ ಇದ್ದಾರೆ, ಕಾಣೋದಿಲ್ಲ ಅಷ್ಟೇ. ಕಳೆಂಜನಿಗೆ ಕುಣಿಯೋಕೆ ನಿಮ್ಮ ಅಂಗಳವೇ ಇತ್ತು.

(9/10) ಕಾಪು: ಕಡಲಿಗೂ ಚಾತುರ್ಮಾಸ

ಕಾಪು ಅಂದ್ರೆ ಎಲ್ಲರಿಗೂ ಬಂಡೆ ಮೇಲಿನ ದೀಪಸ್ತಂಭ. 1901ರಿಂದ ನಿಂತಿದೆ. ಬೆಳಿಗ್ಗೆ ಅದರ ಕೆಳಗೆ ಯೋಗದ ಚಾಪೆ ಹಾಸಿದ ಫೋಟೋ ಈಗ ಬೇಕಾದಷ್ಟು ಸಿಗುತ್ತೆ.

ಆದರೆ ಕಾಪುವಿನವರನ್ನು ಕೇಳಿದರೆ ಅವರ ವರ್ಷ ತಿರುಗೋದು ಮಾರಿಯಮ್ಮನ ಸುತ್ತ. ಹಳೆ ಮಾರಿಗುಡಿ, ಹೊಸ ಮಾರಿಗುಡಿ, ಮೂರನೇ ಮಾರಿಗುಡಿ. ವರ್ಷಕ್ಕೆ ಮೂರು ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ. ಸಿಡುಬು, ಕಾಲರಾ ಊರೂರನ್ನೇ ಗುಡಿಸಿ ಹಾಕ್ತಿದ್ದ ಕಾಲದಲ್ಲಿ ಮಾರಿ ಅನ್ನೋ ಹೆಸರೇ ನಡುಕ. ಮಳೆಗಾಲದ ನಡುವೆ, ಕಾಯಿಲೆ ಹೆಚ್ಚುವ ಹೊತ್ತಲ್ಲಿ, ಆಟಿ ಮಾರಿಪೂಜೆ ಬರುತ್ತೆ. ಅಲ್ಲಿ ಮೌನ ಇಲ್ಲ, ಜಂಗುಳಿ ಇದೆ. ಒಳಗೆ ಕೂತು ಕೂತು ಹೆದರಿದ ಜನ ಒಮ್ಮೆ ಹೊರಗೆ ಬಂದು, ನಾವಿನ್ನೂ ಇದ್ದೇವೆ ಅಂತ ಒಬ್ಬರನ್ನೊಬ್ಬರು ನೋಡಿಕೊಳ್ಳುವ ದಿನ ಅದು.

ಇನ್ನು ಕಡಲು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ಕೂರುತ್ತವೆ. ಹೊರ ರಾಜ್ಯದ ಕೆಲಸಗಾರರು ಊರಿಗೆ ಹೋಗ್ತಾರೆ. ಮಹಿಳೆಯರ ಬುಟ್ಟಿಯಲ್ಲಿ ಒಣಮೀನು. ಮೀನು ಮೊಟ್ಟೆ ಇಡುವ ಕಾಲ ಇದು, ಅದನ್ನು ಬಿಟ್ಟುಬಿಡಬೇಕು ಅನ್ನೋದು ನಿಯಮದ ತಿರುಳು. ಬೌದ್ಧ ಭಿಕ್ಷುಗಳಿಗೆ ಹುಲ್ಲು ತುಳೀಬೇಡಿ ಅಂದ ಮಾತಿಗೂ ಇದಕ್ಕೂ ದೂರ ಬಹಳ ಇಲ್ಲ. ಹಿಂದೆ ನಿಷೇಧ ಹೇರೋಕೆ ಸರ್ಕಾರ ಬೇಕಿರಲಿಲ್ಲ, ಕಡಲೇ ಹೇಳ್ತಿತ್ತು. ಎಂಜಿನ್ ಬಂದ ಮೇಲೆ ಕಡಲಿನ ಮಾತು ಸಾಲದಾಯ್ತು, ಕಾನೂನು ಬೇಕಾಯ್ತು.

ನೂಲ ಹುಣ್ಣಿಮೆಗೆ ಮೊಗವೀರರು ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸ್ತಾರೆ. ಕೂರುವಿಕೆ ಮುಗಿದಿದೆ, ಮತ್ತೆ ಬರ್ತಿದ್ದೇವೆ, ಕಾಪಾಡು ಅಂತ. ಸೆಪ್ಟೆಂಬರ್ 8ಕ್ಕೆ ಕೊಂಕಣಿ ಕ್ರೈಸ್ತರ ಮೊಂತಿ ಹಬ್ಬ, ಹೊಸ ತೆನೆಗೆ ಚರ್ಚ್‌ನಲ್ಲಿ ಆಶೀರ್ವಾದ. ಹಿಂದೂ ಮನೆಗಳಲ್ಲಿ ಹೊಸ ಅಕ್ಕಿ ಊಟ. ಹಸಿವಿನ ತಿಂಗಳು ದಾಟಿದವರು ಒಟ್ಟಿಗೆ ಕೂತು ಮೊದಲ ತುತ್ತು ತಿನ್ನೋದು. ಆ ತುತ್ತಿಗೆ ಆಟಿಯ ಹಸಿವೂ ಸೇರಿರುತ್ತಿತ್ತು.

(10/10) ಮಣಿಪಾಲ: ಈಗ ನಾವು

ಕೊನೆಗೆ ಮಣಿಪಾಲ. ಮಣ್ಣಪಳ್ಳ ಅನ್ನೋ ಕೆರೆಯಿಂದ ಊರಿಗೆ ಈ ಹೆಸರು ಬಂತು ಅಂತಾರೆ. 1953ರಲ್ಲಿ ಟಿ.ಎಂ.ಎ. ಪೈ ಇಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದಾಗ ಇದು ಬೋಳು ಗುಡ್ಡ. ಇವತ್ತು ದೇಶದ ಎಲ್ಲ ಮೂಲೆಯ ಮಕ್ಕಳು ಇಲ್ಲಿ ಓದ್ತಾರೆ. ಅವರಿಗೆ ಆಟಿ ಗೊತ್ತಿಲ್ಲ, ತವರು ಸಾವಿರಾರು ಕಿಲೋಮೀಟರ್ ದೂರ, ಪರೀಕ್ಷೆ ಮಾತ್ರ ಹತ್ತಿರ. ರಿಟ್ರೀಟ್ ಜಾಹೀರಾತು ಹುಡುಕೋದು ಇವರಂಥವರನ್ನೇ. ಇವರಿಗೆ ಬಿಡುವು ಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ.

ಮೈಂಡ್‌ಫುಲ್‌ನೆಸ್ ಅನ್ನೋದು ಇವತ್ತಿನ ರೂಪ ಪಡೆದದ್ದೂ ಒಂದು ವೈದ್ಯಕೀಯ ಶಾಲೆಯಲ್ಲೇ. 1979ರಲ್ಲಿ ಜಾನ್ ಕಬಟ್-ಝಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಒತ್ತಡ ತಗ್ಗಿಸುವ ತರಗತಿ ಶುರು ಮಾಡಿದರು. ಬೌದ್ಧ ಧ್ಯಾನದ ಅಭ್ಯಾಸವನ್ನು ಧರ್ಮದ ಚೌಕಟ್ಟಿನಿಂದ ಬಿಡಿಸಿ ರೋಗಿಗಳ ಕೈಗೆ ಕೊಟ್ಟರು. ಎಷ್ಟೋ ಜನಕ್ಕೆ ಅದರಿಂದ ಉಪಕಾರ ಆಗಿದೆ. ಆದರೆ ಬಿಡಿಸುವಾಗ ಪವಾರಣ ಹಿಂದೆ ಉಳಿಯಿತು. ಕೂತದ್ದು ಬಂತು, ಎದ್ದ ಮೇಲೆ ಊರಿಗೆ ಕೊಡಬೇಕಾದ ಉತ್ತರ ಬರಲಿಲ್ಲ. ಅದಕ್ಕೂ 10 ವರ್ಷ ಮೊದಲು, 1969ರಲ್ಲಿ, ಬರ್ಮಾದಿಂದ ಬಂದ ಎಸ್.ಎನ್. ಗೋಯೆಂಕಾ ಶುರು ಮಾಡಿದ ವಿಪಶ್ಯನ ಶಿಬಿರಗಳಲ್ಲಿ ಒಂದು ಎಳೆ ಉಳಿದಿದೆ: ಅಲ್ಲಿ ಶುಲ್ಕ ಇಲ್ಲ. ಹಿಂದೆ ಕೂತು ಹೋದವರು ಕೊಟ್ಟ ದಾನದಲ್ಲಿ ಇವತ್ತಿನವರ ಊಟ. ನಿಮಗೆ ಅನ್ನ ಹಾಕಿದವರನ್ನು ನೀವು ನೋಡಿರಲ್ಲ, ನೀವು ಹಾಕುವ ಅನ್ನ ತಿನ್ನೋರನ್ನೂ ನೋಡಲ್ಲ.

ಹಳೆಯ ಕಾಲ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಅದರಲ್ಲಿ ಹಸಿವಿತ್ತು, ಬೇರೆ ಬೇರೆ ಸಾಲಿತ್ತು, ಗೇಣಿ ಇತ್ತು. ಹಸಿವು ಮತ್ತೆ ಬರೋದು ಬೇಡ. ಆದರೆ ಅಲ್ಲಿ ಕೂತವನ ಹೆಸರು ಊರಿನ ಲೆಕ್ಕದಲ್ಲಿ ಇರ್ತಿತ್ತು, ಊರಿನ ಭತ್ತದ ಲೆಕ್ಕ ಅವನ ತಲೆಯಲ್ಲಿ ಇರ್ತಿತ್ತು. ದುಡ್ಡು ಕೊಟ್ಟು ರಸೀದಿ ತಗೊಂಡ ಕೂಡಲೇ ಆ ಲೆಕ್ಕ ಚುಕ್ತಾ ಆಗಿಬಿಡುತ್ತೆ. ನಿರಾಳ ಅನ್ನಿಸೋದು ನಿಜ, ಒಂಟಿ ಆಗೋದೂ ಅದರಿಂದಲೇ.

ಹಾಗಾಗಿ ಮುಂದಿನ ಸಲ ನೀವು ಕೂರೋಕೆ ಹೋದಾಗ, ರೆಸಾರ್ಟ್ ಆಗಲಿ, ಮಠ ಆಗಲಿ, ಅಮ್ಮನ ಮನೆ ಆಗಲಿ, ಮೂರು ಸಣ್ಣ ಕೆಲಸ ಮಾಡಿ ನೋಡಿ. ಅಡುಗೆ ಮಾಡಿದವರ ಹೆಸರು ಕೇಳಿ. ಒಂದು ಮರವನ್ನು ಹೆಸರು ಸಮೇತ ಗುರುತು ಹಿಡಿಯೋದು ಕಲಿತು ಬನ್ನಿ. ವಾಪಸ್ ಬಂದ ಮೇಲೆ, ನಿಮ್ಮ ಜೊತೆ ದಿನವೂ ಬದುಕೋ ಒಬ್ಬರನ್ನು ಕೂರಿಸಿಕೊಂಡು, ನನ್ನಿಂದ ನಿನಗೆ ಏನು ತೊಂದರೆ ಆಗ್ತಿದೆ ಅಂತ ಕೇಳಿ, ನಡುವೆ ಮಾತಾಡದೆ ಕೇಳಿಸಿಕೊಳ್ಳಿ. ಮೂರನೆಯದು ಕಷ್ಟ. ಹಾಲೆ ಕಷಾಯದಷ್ಟೇ ಕಹಿ.

ನಿಮ್ಮ ಮನೆಯಲ್ಲಿ ಆಟಿ ಕೂತವರು ಇದ್ರೆ, ಅವರು ಅಲ್ಲಿ ಏನು ಮಾಡ್ತಿದ್ರು ಅಂತ ಒಮ್ಮೆ ಕೇಳಿ, ಕಾಮೆಂಟ್‌ನಲ್ಲಿ ಬರೀರಿ. ಹೆಸರು ಬೇಡ, ಊರು ಸಾಕು. ಇತಿಹಾಸದ ಪುಸ್ತಕದಲ್ಲಿ ರಾಜರ ಇಸವಿ ಸಿಗುತ್ತೆ. ನಿಮ್ಮ ಅಜ್ಜಿಯ ಆಟಿ ಅಲ್ಲಿ ಸಿಗೋದಿಲ್ಲ.

#ಕೂರುವಕಾಲ #ಆಟಿ #ಚಾತುರ್ಮಾಸ #ಉಡುಪಿ #ಕಾರ್ಕಳ #ಕಾಪು #ಮಣಿಪಾಲ #ವರಂಗ #ಕರಾವಳಿಇತಿಹಾಸ